ಡಿವಿಡಿ ಡಬ್ಬಿಯ ಮೇಲೊಂದು ಚೌಕ: ಗ್ರಂಥಾಲಯದ ವಿಡಿಯೊಗಳಿಗೆ ಕ್ಯೂಆರ್ ಕೋಡ್ ಹಚ್ಚುವ ಮುನ್ನ

ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವುದೇ ಹಳೆಯ ಕಾಲೇಜಿನ ಗ್ರಂಥಾಲಯಕ್ಕೆ ಹೋದರೂ ಒಂದು ಗಾಜಿನ ಬೀರು ಸಿಗುತ್ತದೆ. ಅದರೊಳಗೆ ಸಿಡಿ, ಡಿವಿಡಿಗಳ ಸಾಲು. ಪಠ್ಯಪುಸ್ತಕಗಳ ಹಿಂಬದಿಯ ಲಕೋಟೆಯಲ್ಲಿ ಬಂದವು, ವಿಶ್ವವಿದ್ಯಾಲಯಗಳು ಕಳಿಸಿದ ಪಾಠಗಳು, ಯಾರೋ ಒಬ್ಬರು ಶ್ರಮಪಟ್ಟು ದಾಖಲಿಸಿದ ಬಯಲಾಟ. ಬೀರುವಿನ ಕೀಲಿ ಗ್ರಂಥಪಾಲಕರ ಮೇಜಿನಲ್ಲಿರುತ್ತದೆ. ಆದರೆ ಡಿಸ್ಕ್ ಹಾಕಿ ನೋಡುವ ಯಂತ್ರವೇ ಈಗ ಅಪರೂಪ: ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇಲ್ಲ, ಮನೆಗಳಲ್ಲಿ ಡಿವಿಡಿ ಪ್ಲೇಯರ್ ಮೂಲೆ ಸೇರಿದೆ. ವಿದ್ಯಾರ್ಥಿಯ ಜೇಬಿನಲ್ಲಿರುವುದು ಫೋನು.

ಹಾಗಾಗಿ ಡಬ್ಬಿಯ ಮೇಲೆ ಒಂದು ಕ್ಯೂಆರ್ ಕೋಡ್ ಅಂಟಿಸಿ ಫೋನಿನಲ್ಲೇ ವಿಡಿಯೊ ತೋರಿಸುವ ಆಲೋಚನೆ ಎಲ್ಲ ಕಡೆ ಬರುತ್ತಿದೆ. ಆಲೋಚನೆ ಒಳ್ಳೆಯದು, ಕೋಡ್ ಮಾಡುವುದೂ ಐದು ನಿಮಿಷದ ಕೆಲಸ. ಅವಸರದಲ್ಲಿ ಮಾಡಿದ ಕೋಡ್‌ಗಳು ಒಂದೆರಡು ವರ್ಷದಲ್ಲಿ ಸತ್ತುಹೋಗುತ್ತವೆ, ಮತ್ತು ಅದಕ್ಕೆ ಕಾರಣ ಹೆಚ್ಚಿನ ಸಲ ಒಂದೇ: ವಿಡಿಯೊ ಇವತ್ತು ಎಲ್ಲಿದೆಯೋ ಆ ವಿಳಾಸವನ್ನೇ ನೇರವಾಗಿ ಕೋಡ್‌ನಲ್ಲಿ ಕೂರಿಸಿರುತ್ತಾರೆ. ಕೋಡ್‌ನಲ್ಲಿ ಇರಬೇಕಾದ್ದು ಗ್ರಂಥಾಲಯ ತಾನೇ ಕೊಟ್ಟ ಒಂದು ಸಂಖ್ಯೆ, ಆ ಸಂಖ್ಯೆಗೆ ಉತ್ತರ ಕೊಡುವ ಗ್ರಂಥಾಲಯದ್ದೇ ಒಂದು ವಿಳಾಸ. ವಿಡಿಯೊ ಎಲ್ಲಿಗೆ ಹೋದರೂ ಸಂಖ್ಯೆ ಬದಲಾಗುವುದಿಲ್ಲ. ಸಂಖ್ಯೆಯ ಹಿಂದಿನ ಕೊಂಡಿಯನ್ನು ಮಾತ್ರ ಬದಲಿಸಿದರಾಯಿತು.

ನಮ್ಮ ಶಾಲಾ ಪಠ್ಯಪುಸ್ತಕಗಳಲ್ಲೇ ಇದರ ಮಾದರಿ ಇದೆ. ಶಾಲಾ ಪಾಠಗಳ ಸರ್ಕಾರಿ ಜಾಲವೇದಿಕೆ ‘ದೀಕ್ಷಾ’ 2017ರಲ್ಲಿ ಶುರುವಾದ ಮೇಲೆ ಪಾಠಗಳ ಪಕ್ಕದಲ್ಲಿ ಬಂದ ಕ್ಯೂಆರ್ ಕೋಡ್‌ಗಳನ್ನು ಗಮನಿಸಿ: ಪ್ರತಿ ಚೌಕದ ಕೆಳಗೆ ಆರು ಅಕ್ಷರ-ಅಂಕಿಗಳ ಒಂದು ಸಂಕೇತ ಇರುತ್ತದೆ. ಕ್ಯಾಮೆರಾ ಕೈಕೊಟ್ಟರೆ ಮಗು ಆ ಆರು ಅಕ್ಷರಗಳನ್ನು ಬೆರಳಲ್ಲಿ ಒತ್ತಿ ಅದೇ ಪಾಠಕ್ಕೆ ಹೋಗಬಹುದು. ಪುಸ್ತಕ ಅಚ್ಚಾದ ಮೇಲೂ ಆ ಸಂಕೇತದ ಹಿಂದಿನ ವಿಡಿಯೊವನ್ನು ಬದಲಿಸಬಹುದು. ಗ್ರಂಥಾಲಯ ಕಲಿಯಬೇಕಾದ್ದು ಈ ಎರಡೇ ಸಂಗತಿ.

ಚೌಕದೊಳಗೆ ಏನಿದೆ

ಕ್ಯೂಆರ್ ಕೋಡ್ ಹುಟ್ಟಿದ್ದು 1994ರಲ್ಲಿ, ಜಪಾನಿನ ಡೆನ್ಸೊ ವೇವ್ ಕಂಪನಿಯಲ್ಲಿ, ಕಾರಿನ ಬಿಡಿಭಾಗಗಳ ಲೆಕ್ಕ ಇಡಲಿಕ್ಕೆ. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಕ್ಯಾಮೆರಾಗೆ ದಿಕ್ಕು ಹೇಳುತ್ತವೆ. ಉಳಿದ ಚುಕ್ಕೆಗಳಲ್ಲಿ ಮಾಹಿತಿ ಮತ್ತು ಆ ಮಾಹಿತಿ ಕೆಟ್ಟರೆ ಸರಿಪಡಿಸಿಕೊಳ್ಳುವ ಹೆಚ್ಚುವರಿ ಲೆಕ್ಕ ಸೇರಿಕೊಂಡಿರುತ್ತದೆ. ಈ ಸರಿಪಡಿಸುವ ಶಕ್ತಿಗೆ ನಾಲ್ಕು ಮಟ್ಟ: ಎಲ್ ಸುಮಾರು 7 ಪ್ರತಿಶತ, ಎಂ 15, ಕ್ಯೂ 25, ಎಚ್ 30. ಕೈಯಿಂದ ಕೈಗೆ ಹೋಗುವ, ಮೂಲೆ ಸವೆಯುವ ಗ್ರಂಥಾಲಯದ ವಸ್ತುವಿಗೆ ಕ್ಯೂ ಮಟ್ಟ ಸರಿಯಾದದ್ದು. ಪುಕ್ಕಟೆ ಜನರೇಟರ್‌ಗಳು ಹಲವು ಸಲ ಎಲ್ ಅಥವಾ ಎಂ ಇಟ್ಟುಕೊಂಡೇ ಕೋಡ್ ಕೊಡುತ್ತವೆ, ನೋಡಿ ಬದಲಿಸಬೇಕು.

ಅಳತೆಯಲ್ಲಿ ಅತಿ ಚಿಕ್ಕ ಕೋಡ್‌ಗೆ ಒಂದು ಬದಿಯಲ್ಲಿ 21 ಚುಕ್ಕೆ. ಮುಂದಿನ ಪ್ರತಿ ಮೆಟ್ಟಿಲಿಗೂ ನಾಲ್ಕು ಸೇರುತ್ತಾ 40ನೇ ಮೆಟ್ಟಿಲಲ್ಲಿ 177 ಆಗುತ್ತದೆ. ಒಳಗೆ ತುಂಬುವ ಅಕ್ಷರ ಹೆಚ್ಚಾದಷ್ಟೂ ಚುಕ್ಕೆ ಹೆಚ್ಚು. ಡಬ್ಬಿಯ ಮೇಲಿನ ಜಾಗ ಮಾತ್ರ ಅಷ್ಟೇ, ಹಾಗಾಗಿ ಪ್ರತಿ ಚುಕ್ಕೆಯೂ ಸಣ್ಣದಾಗುತ್ತದೆ, ಹಳೆಯ ಫೋನಿನ ಕ್ಯಾಮೆರಾ ಅಲ್ಲಿ ಸೋಲುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಯೂಟ್ಯೂಬ್ ವಿಡಿಯೊದ ಪೂರ್ಣ ವಿಳಾಸವನ್ನು ಕಂಪ್ಯೂಟರ್ ಪರದೆಯಿಂದ ಎತ್ತಿಕೊಂಡರೆ 43 ಅಕ್ಷರ. ಕ್ಯೂ ಮಟ್ಟದಲ್ಲಿ ಅದಕ್ಕೆ 33 ಚುಕ್ಕೆಗಳ ಕೋಡ್ ಬೇಕು. ಕಿರು ವಿಳಾಸವಾದರೆ 28 ಅಕ್ಷರ, 29 ಚುಕ್ಕೆಗಳಲ್ಲಿ ಮುಗಿಯುತ್ತದೆ. ಆದರೆ ಫೋನಿನಲ್ಲಿ ಶೇರ್ ಗುಂಡಿ ಒತ್ತಿ ಕಾಪಿ ಮಾಡಿದರೆ ಆ ಕಿರು ವಿಳಾಸದ ಬಾಲಕ್ಕೆ ಪ್ರಶ್ನಾರ್ಥಕ ಚಿಹ್ನೆಯಿಂದ ಶುರುವಾಗುವ, ಯಾರು ಹಂಚಿದರು ಎಂದು ಗುರುತಿಡುವ 20 ಅಕ್ಷರ ಅಂಟಿಕೊಂಡು ಬರುತ್ತವೆ. ಆಗ 48 ಅಕ್ಷರ, 37 ಚುಕ್ಕೆ. ಆ ಬಾಲವನ್ನು ಕತ್ತರಿಸಿದರೂ ವಿಡಿಯೊ ಓಡುತ್ತದೆ.

ಇದಕ್ಕಿಂತ ಚಿಕ್ಕ ದಾರಿಯೊಂದಿದೆ. ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಮತ್ತು ಕೆಲವೇ ಚಿಹ್ನೆಗಳನ್ನು ಮಾತ್ರ ಬಳಸಿದರೆ ಕ್ಯೂಆರ್ ಕೋಡ್ ಅವನ್ನು ಒತ್ತೊತ್ತಾಗಿ ತುಂಬಿಕೊಳ್ಳುತ್ತದೆ. ಅದೇ 28 ಅಕ್ಷರದ ವಿಳಾಸ ಸಣ್ಣಕ್ಷರದಲ್ಲಿದ್ದರೆ ಕ್ಯೂ ಮಟ್ಟಕ್ಕೆ 29 ಚುಕ್ಕೆ ಬೇಕಾದಲ್ಲಿ, ಪೂರ್ತಿ ದೊಡ್ಡಕ್ಷರದಲ್ಲಿದ್ದರೆ 25 ಚುಕ್ಕೆ ಸಾಕು. ಯೂಟ್ಯೂಬ್‌ನ ವಿಳಾಸಕ್ಕೆ ಇದನ್ನು ಮಾಡಲಾಗದು, ಅದರ 11 ಅಕ್ಷರಗಳ ಗುರುತಿನಲ್ಲಿ ದೊಡ್ಡದು ಸಣ್ಣದು ಬೇರೆ ಬೇರೆ. ಗ್ರಂಥಾಲಯದ ಸ್ವಂತ ವಿಳಾಸಕ್ಕೆ, ಕೊನೆಯಲ್ಲಿ 0417 ಎಂಬಂಥ ಬರೀ ಅಂಕಿ ಇದ್ದರೆ, ಧಾರಾಳವಾಗಿ ಮಾಡಬಹುದು. ಜಾಲತಾಣದ ಹೆಸರಿಗೆ ದೊಡ್ಡ-ಸಣ್ಣ ಅಕ್ಷರದ ಭೇದ ಇಲ್ಲ. ಅದರ ಮುಂದಿನ ಓರೆಗೆರೆಯ ಆಚೆಗಿನ ಭಾಗಕ್ಕೆ ಕೆಲವು ಸರ್ವರ್‌ಗಳು ಭೇದ ಮಾಡುತ್ತವೆ, ಆದ್ದರಿಂದ ಅಲ್ಲಿ ಅಂಕಿ ಮಾತ್ರ ಇಡುವುದು ಕ್ಷೇಮ.

ಕನ್ನಡದಲ್ಲೇ ವಿಳಾಸ ಇರಲಿ ಎಂಬ ಆಸೆ ಸಹಜ. ಆದರೆ ಕನ್ನಡದ ಒಂದೊಂದು ಯೂನಿಕೋಡ್ ಅಕ್ಷರಕ್ಕೆ ಮೂರು ಬೈಟ್ ಬೇಕು, ಅದನ್ನು ಜಾಲವಿಳಾಸದ ರೂಪಕ್ಕೆ ತಂದಾಗ ಒಂದಕ್ಕೆ ಒಂಬತ್ತು ಅಕ್ಷರ ಆಗುತ್ತದೆ. ‘ಗ್ರಂಥಾಲಯ’ ಎಂಬ ಒಂದೇ ಪದದಲ್ಲಿ ಅರ್ಧಾಕ್ಷರ, ಸೊನ್ನೆ, ದೀರ್ಘ ಎಲ್ಲ ಸೇರಿ ಎಂಟು ಯೂನಿಕೋಡ್ ಅಕ್ಷರಗಳಿವೆ. ವಿಳಾಸದಲ್ಲಿ ಅದು 72 ಅಕ್ಷರಗಳ ಗೊಂಚಲು. ಕನ್ನಡ ಇರಬೇಕಾದ್ದು ಚೌಕದ ಪಕ್ಕದಲ್ಲಿ, ದೊಡ್ಡದಾಗಿ, ಓದುವಂತೆ: ವಿಡಿಯೊದ ಹೆಸರು, ಎಷ್ಟು ನಿಮಿಷ, ಸಂಖ್ಯೆ. ಇನ್ನೊಂದು ಎಚ್ಚರ: ಹೆಸರುಗಳ ಪಟ್ಟಿ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟ್‌ನಲ್ಲಿದ್ದರೆ, ಯೂನಿಕೋಡ್‌ಗೆ ಪರಿವರ್ತಿಸದೆ ಜಾಲಪುಟಕ್ಕೆ ಸುರಿದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ.

ಕೊಂಡಿ ಯಾಕೆ ಸಾಯುತ್ತದೆ

ಯೂಟ್ಯೂಬ್ 2021ರ ಜುಲೈ 23ರಿಂದ, 2017ಕ್ಕಿಂತ ಮೊದಲು ಏರಿಸಿದ್ದ ‘ಅನ್‌ಲಿಸ್ಟೆಡ್’ ವಿಡಿಯೊಗಳನ್ನು ಖಾಸಗಿಯಾಗಿ ಬದಲಾಯಿಸಿತು. ಕೊಂಡಿ ಇದ್ದವರಿಗೆ ಮಾತ್ರ ಕಾಣಲಿ ಎಂದು ಗ್ರಂಥಾಲಯಗಳೂ ಕಾಲೇಜುಗಳೂ ಬಳಸುವುದು ಇದೇ ವಿಧಾನವನ್ನು. ಖಾತೆಯ ಒಡೆಯರು ಬೇಡವೆಂದು ಮುಂಚಿತವಾಗಿ ತಿಳಿಸದಿದ್ದಲ್ಲಿ ಒಂದೇ ದಿನದಲ್ಲಿ ಕೊಂಡಿಗಳು ಬಾಗಿಲು ಹಾಕಿಕೊಂಡವು. ಗೂಗಲ್‌ನ ಕಿರುಕೊಂಡಿ ಸೇವೆಯದೂ ಅದೇ ಹಾದಿ: 2019ರಲ್ಲಿ ಹೊಸ ಕೊಂಡಿ ಮಾಡುವುದು ನಿಂತಿತು, 2025ರ ಆಗಸ್ಟ್‌ನಲ್ಲಿ ಬಹುಕಾಲ ಬಳಸದೇ ಇದ್ದ ಹಳೆಯ ಕೊಂಡಿಗಳನ್ನು ಸ್ಥಗಿತಗೊಳಿಸುವ ನಿರ್ಧಾರ ಬಂತು. ಬೀರುವಿನಲ್ಲಿ ಕೂತ ಡಬ್ಬಿ ವರ್ಷಗಟ್ಟಲೆ ಯಾರ ಕೈಗೂ ಹೋಗದೇ ಇರಬಹುದು. ‘ಬಳಸದ ಕೊಂಡಿ’ ಎಂಬ ಮಾನದಂಡ ಗ್ರಂಥಾಲಯಕ್ಕೆ ಎಂದೂ ಒಗ್ಗುವುದಿಲ್ಲ.

‘ಡೈನಾಮಿಕ್ ಕ್ಯೂಆರ್’ ಹೆಸರಿನಲ್ಲಿ ಸಿಗುವ ಸೇವೆಗಳು ಮೇಲ್ನೋಟಕ್ಕೆ ಇದೇ ಸಮಸ್ಯೆಗೆ ಪರಿಹಾರ. ಕೋಡ್ ಆ ಕಂಪನಿಯ ವಿಳಾಸಕ್ಕೆ ಹೋಗುತ್ತದೆ, ಅಲ್ಲಿಂದ ನೀವು ಹೇಳಿದ ಕಡೆಗೆ. ಗುರಿಯನ್ನು ಯಾವಾಗ ಬೇಕಾದರೂ ಬದಲಿಸಬಹುದು. ಆದರೆ ಎಷ್ಟೋ ಸೇವೆಗಳಲ್ಲಿ ಪುಕ್ಕಟೆ ಅವಧಿ ಕೆಲವು ದಿನಗಳದ್ದು. ಅದು ಮುಗಿದ ಮರುದಿನ ಕೋಡ್ ಒತ್ತಿದರೆ ವಿಡಿಯೊ ಬದಲು ಚಂದಾ ಕಟ್ಟಿ ಎಂಬ ಪುಟ ತೆರೆಯುತ್ತದೆ. ಮುನ್ನೂರು ಡಬ್ಬಿಗೆ ಅಂಟಿಸಿ ಆದ ಮೇಲೆ ಇದು ತಿಳಿದರೆ ಮುನ್ನೂರನ್ನೂ ಕಿತ್ತು ಮತ್ತೆ ಅಂಟಿಸಬೇಕು. ಜೊತೆಗೆ ಯಾವ ಓದುಗ ಯಾವ ಹೊತ್ತಿನಲ್ಲಿ ಯಾವ ವಿಡಿಯೊ ನೋಡಿದ ಎಂಬ ಮಾಹಿತಿಯೂ ಆ ಕಂಪನಿಯ ಕೈಯಲ್ಲಿ. ಓದುಗ ಏನು ಓದಿದ ಎಂಬುದನ್ನು ಗುಟ್ಟಾಗಿಡುವುದು ಗ್ರಂಥಾಲಯದ ಹಳೆಯ ಧರ್ಮ, ಅದನ್ನು ಹೀಗೆ ಬಿಟ್ಟುಕೊಡಬಾರದು.

ಇನ್ನೊಂದು ಕಾರಣ ನಮ್ಮ ಕಚೇರಿಗಳಲ್ಲಿ ತೀರ ಸಾಮಾನ್ಯ. ವಿಡಿಯೊ ಏರಿಸುವುದು ಯಾರೋ ಒಬ್ಬ ಉತ್ಸಾಹಿ ಸಿಬ್ಬಂದಿಯ ಸ್ವಂತ ಜಿಮೇಲ್ ಖಾತೆಯಿಂದ. ಅವರಿಗೆ ವರ್ಗಾವಣೆ ಆದ ಮೇಲೆ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ವಿಡಿಯೊ ತಿದ್ದುವಂತಿಲ್ಲ, ಇಳಿಸುವಂತಿಲ್ಲ. ಚಾನೆಲ್ ಸಂಸ್ಥೆಯ ಇಮೇಲ್‌ನಲ್ಲಿರಬೇಕು, ಕನಿಷ್ಠ ಇಬ್ಬರಿಗೆ ಅಧಿಕಾರ ಇರಬೇಕು, ಎರಡನೇ ಹಂತದ ದೃಢೀಕರಣಕ್ಕೆ ಕೊಟ್ಟ ಮೊಬೈಲ್ ಸಂಖ್ಯೆ ಕಚೇರಿಯದ್ದಾಗಿರಬೇಕು. ಮೂಲ ಕಡತದ ಒಂದು ಪ್ರತಿ ಗ್ರಂಥಾಲಯದ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿ.

ಸ್ವಂತ ವಿಳಾಸ ಎಲ್ಲಿಂದ ತರುವುದು? ಗ್ರಂಥಾಲಯದ ಸೂಚಿ, ಎರವಲು ನೋಡಿಕೊಳ್ಳುವ ಕೊಹಾ ತಂತ್ರಾಂಶ ಬಳಸುವ ಕಾಲೇಜುಗಳಿಗೆ ಅರ್ಧ ಕೆಲಸ ಮುಗಿದೇ ಇದೆ. ಅದರ ಓದುಗರ ಸೂಚಿಯಲ್ಲಿ ಪ್ರತಿ ದಾಖಲೆಗೂ ಉದ್ದನೆಯ ವಿಳಾಸದ ಜೊತೆಗೆ ‘ಬಿಬ್’ ಎಂಬ ಪದ, ಓರೆಗೆರೆ, ದಾಖಲೆ ಸಂಖ್ಯೆ ಇಷ್ಟೇ ಇರುವ ಕಿರುರೂಪವೂ ಕೆಲಸ ಮಾಡುತ್ತದೆ. ಅದನ್ನೇ ಕೋಡ್ ಮಾಡಿ. ಓದುಗ ಮೊದಲು ಸೂಚಿಯ ಪುಟಕ್ಕೆ ಬರುತ್ತಾನೆ, ಅಲ್ಲಿ ವಿಡಿಯೊದ ಕೊಂಡಿ ಇರುತ್ತದೆ. ಸೂಚಿಯ ದಾಖಲೆ ಬರೆಯುವ ಮಾದರಿಗೆ ಮಾರ್ಕ್ 21 ಎನ್ನುತ್ತಾರೆ, ಅದರಲ್ಲಿ ಒಂದೊಂದು ಬಗೆಯ ವಿವರಕ್ಕೂ ಸಂಖ್ಯೆ ಇರುವ ಒಂದು ಕ್ಷೇತ್ರ. ಅದರ 856ನೇ ಕ್ಷೇತ್ರ ಇರುವುದೇ ಆ ಕೊಂಡಿಗೆ. 306ರಲ್ಲಿ ಅವಧಿಯನ್ನು ಗಂಟೆ, ನಿಮಿಷ, ಸೆಕೆಂಡುಗಳ ಆರು ಅಂಕಿಯಲ್ಲಿ, ಅಂದರೆ 40 ನಿಮಿಷಕ್ಕೆ 004000 ಎಂದು ಬರೆಯಬೇಕು. 511ರಲ್ಲಿ ಕಲಾವಿದರ ಹೆಸರು, 518ರಲ್ಲಿ ದಾಖಲಿಸಿದ ಊರು ಮತ್ತು ದಿನಾಂಕ, 540ರಲ್ಲಿ ಬಳಕೆಯ ಷರತ್ತು, 546ರಲ್ಲಿ ಭಾಷೆ. ನಾಳೆ ವಿಡಿಯೊ ಬೇರೆ ಕಡೆ ಹೋದರೆ 856 ತಿದ್ದುವುದು ಒಂದು ನಿಮಿಷದ ಕೆಲಸ, ಡಬ್ಬಿಯ ಮೇಲಿನ ಸ್ಟಿಕ್ಕರ್ ಹಾಗೇ ಇರುತ್ತದೆ.

ಕೊಹಾದ ಸೂಚಿ ಕಾಲೇಜಿನ ಒಳಜಾಲದಲ್ಲಿ ಮಾತ್ರ ತೆರೆಯುವಂತಿದ್ದರೆ ಮನೆಯಲ್ಲಿ ಕೋಡ್ ಒತ್ತಿದರೆ ಪುಟ ತೆರೆಯದು. ಇದನ್ನು ಮೊದಲೇ ಪರೀಕ್ಷಿಸಲು ಗ್ರಂಥಾಲಯದ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ.

ಗ್ರಾಮ ಪಂಚಾಯತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೆ ಕೊಹಾ ಹೊಂದಿಸಿಕೊಳ್ಳಿ ಎನ್ನುವುದು ಭಾರವಾದ ಮಾತು. ಅವುಗಳಿಗೆ ಜಿಲ್ಲೆಗೆ ಒಂದೇ ಜಾಲವಿಳಾಸ, ಒಂದು ಸಂಖ್ಯೆಗೆ ಒಂದು ಸರಳ ಪುಟ ಸಾಕು. ಸ್ಪ್ರೆಡ್‌ಶೀಟ್‌ನಲ್ಲಿ ಐದು ಕಂಬ: ಸಂಖ್ಯೆ, ಹೆಸರು, ಅವಧಿ, ಈಗಿನ ಕೊಂಡಿ, ಕೊನೆಯ ಸಲ ತೆರೆದು ನೋಡಿದ ದಿನ. ಆ ಹಾಳೆಯಿಂದ ಪುಟಗಳನ್ನು ತಯಾರಿಸುವುದು ಯಾವುದೇ ಪಾಲಿಟೆಕ್ನಿಕ್ ವಿದ್ಯಾರ್ಥಿಗೆ ಒಂದು ದಿನದ ಕೆಲಸ. ವಿಳಾಸವನ್ನು ಖಾಸಗಿಯಾಗಿ ಕೊಂಡರೆ ಪ್ರತಿ ವರ್ಷ ನವೀಕರಿಸಲೇಬೇಕು. ಒಂದು ವರ್ಷ ಬಿಲ್ಲು ಕಟ್ಟುವುದು ಮರೆತರೆ ಬೇರೆ ಯಾರೋ ಅದೇ ಹೆಸರನ್ನು ಕೊಂಡು, ಹಳ್ಳಿಯ ಮಕ್ಕಳು ಒತ್ತುವ ಕೋಡ್‌ಗೆ ಜೂಜಿನ ಪುಟ ತೋರಿಸಬಹುದು. ಜಿಲ್ಲಾಡಳಿತದ ಸರ್ಕಾರಿ ಜಾಲತಾಣದ ಅಡಿಯಲ್ಲೇ ಒಂದು ಮೂಲೆ ಸಿಗುವುದಾದರೆ ಅದೇ ಒಳ್ಳೆಯದು.

ಅಚ್ಚು, ಅಂಟು, ಬಿಸಿಲು

ಡಿವಿಡಿ ಡಬ್ಬಿ 190 ಮಿಲಿಮೀಟರ್ ಎತ್ತರ, 135 ಅಗಲ, ಬೆನ್ನು 14 ಮಿಲಿಮೀಟರ್. ಬೆನ್ನಿನ ಮೇಲೆ ಕೋಡ್ ಹಾಕಿದರೆ ಕಪಾಟಿನಿಂದ ತೆಗೆಯದೆಯೇ ಓದಬಹುದಲ್ಲ ಎನಿಸುತ್ತದೆ. ಲೆಕ್ಕ ನೋಡಿ: 25 ಚುಕ್ಕೆಯ ಕೋಡ್‌ಗೆ ಸುತ್ತಲೂ ನಾಲ್ಕು ಚುಕ್ಕೆಯಷ್ಟು ಬಿಳಿ ಅಂಚು ಕಡ್ಡಾಯ, ಒಟ್ಟು 33. 14 ಮಿಲಿಮೀಟರನ್ನು 33ರಿಂದ ಭಾಗಿಸಿದರೆ ಚುಕ್ಕೆಗೆ 0.42 ಮಿಲಿಮೀಟರ್. ಒಳ್ಳೆಯ ಫೋನು ಒಂದು ಗೇಣಿಗಿಂತ ಹತ್ತಿರ ಹಿಡಿದರೆ ಓದುತ್ತದೆ, ಸಾಧಾರಣ ಫೋನು ಅಷ್ಟು ಹತ್ತಿರದಲ್ಲಿ ಮಸುಕಾಗುತ್ತದೆ. ಮುಖಪುಟದ ಬಲ ಕೆಳಮೂಲೆಯಲ್ಲಿ 25 ಮಿಲಿಮೀಟರ್ ಚೌಕ ಕೊಟ್ಟರೆ ಚುಕ್ಕೆಗೆ 0.75 ಸಿಗುತ್ತದೆ, ಯಾವ ಫೋನೂ ತಕರಾರು ಮಾಡದು. ಓದುವ ದೂರದ ಹತ್ತನೇ ಒಂದು ಭಾಗ ಕೋಡ್‌ನ ಅಗಲ ಎಂಬುದು ರೂಢಿಯ ಲೆಕ್ಕ: ಕೈಯಲ್ಲಿ ಹಿಡಿದ ಡಬ್ಬಿಗೆ 25 ಮಿಲಿಮೀಟರ್, ಎರಡು ಮೀಟರ್ ದೂರದ ಗೋಡೆಗೆ 20 ಸೆಂಟಿಮೀಟರ್.

ಎ4 ಹಾಳೆಗೆ 24 ಸ್ಟಿಕ್ಕರ್ ಇರುವ ಲೇಬಲ್ ಕಾಗದ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ, ಒಂದೊಂದೂ ಸುಮಾರು 64ಕ್ಕೆ 34 ಮಿಲಿಮೀಟರ್. ಎಡಕ್ಕೆ ಚೌಕ, ಬಲಕ್ಕೆ ಹೆಸರು ಮತ್ತು ಸಂಖ್ಯೆ. ಮುನ್ನೂರು ವಿಡಿಯೊಗೆ 13 ಹಾಳೆ. ಲೇಸರ್ ಪ್ರಿಂಟರಿನಲ್ಲೇ ತೆಗೆಯಬೇಕು. ಇಂಕ್‌ಜೆಟ್ ಮಸಿ ಬೆವರಿನ ಕೈಗೆ ಹರಡುತ್ತದೆ. ಬಿಲ್ಲು ಕೊಡುವ ಯಂತ್ರದಂಥ ಥರ್ಮಲ್ ಕಾಗದ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿಗೆ ಸಲ್ಲ. ಶಾಖಕ್ಕೇ ಬಣ್ಣ ಬದಲಿಸುವ ಕಾಗದ ಅದು, ಬಿಸಿಲಿಗೆ ಕಿಟಕಿಯ ಪಕ್ಕದ ಬೀರುವಿನಲ್ಲಿ ಮಾಸಿಹೋಗುತ್ತದೆ. ಬಾರ್‌ಕೋಡ್ ಪ್ರಿಂಟರ್ ಇದ್ದರೆ ರಿಬ್ಬನ್ ಹಾಕಿ ಬಳಸಿ. ಆ ಯಂತ್ರಗಳು ಸಾಮಾನ್ಯವಾಗಿ ಇಂಚಿಗೆ 203 ಬಿಂದುಗಳವು. ಒಂದು ಬಿಂದು 0.125 ಮಿಲಿಮೀಟರ್, ಹಾಗಾಗಿ ಚುಕ್ಕೆಯ ಅಳತೆ ಅದರ ಪೂರ್ಣ ಗುಣಕದಲ್ಲಿರಬೇಕು: 0.5 ಅಥವಾ 0.75. ನಡುವಿನ ಅಳತೆ ಕೊಟ್ಟರೆ ಯಂತ್ರ ಕೆಲವು ಚುಕ್ಕೆಗಳನ್ನು ದಪ್ಪ, ಕೆಲವನ್ನು ತೆಳ್ಳಗೆ ಮಾಡುತ್ತದೆ.

ಡಿಟಿಪಿ ಅಂಗಡಿಗೆ ಕೊಡುವಾಗ ಆಗುವ ತಪ್ಪುಗಳು ಬೇರೆಯೇ. ಕೋಡ್‌ನ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅದು ಕುಗ್ಗಿ ಅಂಚುಗಳು ಕದಡುತ್ತವೆ. ಎಸ್‌ವಿಜಿ ಅಥವಾ ಪಿಎನ್‌ಜಿ ಕಡತವಾಗಿ, ಇಮೇಲ್‌ನಲ್ಲಿ ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ. ಅಂದ ಹೆಚ್ಚಲಿ ಎಂದು ಬಿಳಿ ಅಂಚನ್ನು ಕತ್ತರಿಸುವುದು, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಚುಕ್ಕೆ ಮಾಡುವುದು, ಹಳದಿ ಬಣ್ಣ ಹಾಕುವುದು, ನಡುವೆ ಸಂಸ್ಥೆಯ ಲಾಂಛನ ಕೂರಿಸುವುದು, ಇವೆಲ್ಲ ಓದುವ ಶಕ್ತಿಯನ್ನು ತಿನ್ನುತ್ತವೆ. ಲಾಂಛನ ಮುಚ್ಚಿದ ಜಾಗ ಸರಿಪಡಿಸುವ ಆ 25 ಪ್ರತಿಶತದಿಂದಲೇ ಕಳೆದುಹೋಗುತ್ತದೆ, ಆಮೇಲೆ ಒಂದು ಗೀರು ಬಿದ್ದರೆ ತಡೆಯಲು ಏನೂ ಉಳಿದಿರುವುದಿಲ್ಲ. ಹೊಳಪಿನ ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟಿನ ಪ್ರತಿಬಿಂಬ ಚೌಕದ ಮೇಲೆಯೇ ಬೀಳುತ್ತದೆ, ಮ್ಯಾಟ್ ಹಾಕಿಸಿ. ಡಬ್ಬಿಯ ಪಾರದರ್ಶಕ ಹೊದಿಕೆಯ ಒಳಗೆ, ಮುಖಪುಟದ ಕಾಗದದ ಮೇಲೆ ಅಂಟಿಸಿದರೆ ಕಿತ್ತುಹೋಗುವುದೂ ಇಲ್ಲ, ಮೇಲೆ ಯಾರೋ ಬೇರೆ ಸ್ಟಿಕ್ಕರ್ ಹಚ್ಚಿ ಮೋಸ ಮಾಡುವುದೂ ಕಷ್ಟ.

ಡಿಸ್ಕ್‌ನ ಮೇಲೆ ಮಾತ್ರ ಎಂದೂ ಅಂಟಿಸಬೇಡಿ. ಒಂದು ಬದಿಗೆ ಭಾರವಾದ ಡಿಸ್ಕ್ ವೇಗವಾಗಿ ತಿರುಗುವಾಗ ಅದುರುತ್ತದೆ, ಸ್ಟಿಕ್ಕರ್ ಬಿಸಿಗೆ ಎದ್ದು ಡ್ರೈವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಅಂಟಿಸುವಾಗ ಅದಲುಬದಲಾಗುವುದೇ ಅತಿ ಹೆಚ್ಚು ಆಗುವ ತಪ್ಪು. ಮನುಷ್ಯನ ಕಣ್ಣಿಗೆ ಎಲ್ಲ ಚೌಕಗಳೂ ಒಂದೇ ಥರ. ಆದ್ದರಿಂದಲೇ ಸ್ಟಿಕ್ಕರ್ ಮೇಲೆ ಹೆಸರು ಬೇಕು. ಅಂಟಿಸಿದವರು ಒಬ್ಬರು, ಒತ್ತಿ ನೋಡುವವರು ಇನ್ನೊಬ್ಬರು ಆಗಿರಬೇಕು, ಪರೀಕ್ಷೆಗೆ ಇರುವುದರಲ್ಲೇ ಹಳೆಯ ಫೋನ್ ಇಟ್ಟುಕೊಳ್ಳಬೇಕು.

ರೊಕ್ಕದ ಕೋಡ್ ಅಲ್ಲ

ಈ ಭಾಗದಲ್ಲಿ ಚಹಾದಂಗಡಿಯಿಂದ ಎಪಿಎಂಸಿವರೆಗೆ ಕ್ಯೂಆರ್ ಎಂದರೆ ಹಣ. ‘ಸರ, ಇದನ್ನ ಹೊಡದ್ರ ರೊಕ್ಕ ಕಟ್ ಆಗತೈತೇನ್ರೀ?’ ಎಂಬ ಪ್ರಶ್ನೆ ಕೌಂಟರಿನಲ್ಲಿ ಬಂದೇ ಬರುತ್ತದೆ, ಮತ್ತು ಆ ಅನುಮಾನಕ್ಕೆ ಕಾರಣವೂ ಇದೆ; ಕೋಡ್ ಒತ್ತಿಸಿ ಮೋಸ ಮಾಡಿದ ಸುದ್ದಿ ಎಲ್ಲರೂ ಕೇಳಿದ್ದಾರೆ. ಇದರ ಇನ್ನೊಂದು ಮುಖ ಎಂದರೆ ಜನ ಅಭ್ಯಾಸಬಲದಿಂದ ಹಣ ಕಳಿಸುವ ಆ್ಯಪ್ ತೆರೆದೇ ಕೋಡ್ ಹಿಡಿಯುತ್ತಾರೆ, ಆ ಆ್ಯಪ್ ‘ಸರಿಯಿಲ್ಲದ ಕೋಡ್’ ಎನ್ನುತ್ತದೆ, ನಿಮ್ಮದು ಕೆಲಸ ಮಾಡ್ತಿಲ್ಲ ಎಂದು ಡಬ್ಬಿ ವಾಪಸ್ ಇಡುತ್ತಾರೆ. ಸ್ಟಿಕ್ಕರ್ ಮೇಲೆ ಒಂದು ಸಾಲು ಇದನ್ನು ತಪ್ಪಿಸುತ್ತದೆ: ‘ವಿಡಿಯೊ ನೋಡಲು ಫೋನ್ ಕ್ಯಾಮೆರಾದಲ್ಲಿ ಹಿಡಿಯಿರಿ. ಹಣ ಕೇಳುವುದಿಲ್ಲ.’ ಕೆಲವು ಹಳೆಯ ಫೋನ್‌ಗಳ ಕ್ಯಾಮೆರಾ ತಾನಾಗಿ ಕೋಡ್ ಓದುವುದಿಲ್ಲ. ಅವುಗಳಲ್ಲಿ ಗೂಗಲ್ ಲೆನ್ಸ್ ತೆರೆಯಬೇಕೆಂದು ಬೀರುವಿನ ಪಕ್ಕ ಚಿತ್ರಸಹಿತ ಒಂದು ಹಾಳೆ ಹಾಕಿದರೆ ಸಿಬ್ಬಂದಿ ದಿನಕ್ಕೆ ಹತ್ತು ಸಲ ಹೇಳುವುದು ಉಳಿಯುತ್ತದೆ. ಕೀಪ್ಯಾಡ್ ಫೋನ್ ಇರುವವರು ಸಂಖ್ಯೆ ಹೇಳಿದರೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅದೇ ವಿಡಿಯೊ ತೆರೆಯಬೇಕು.

ಯಾವುದಕ್ಕೆ ಕೊಂಡಿ ಕೊಡಬಹುದು

ಇಲ್ಲಿ ಕಾನೂನು ಸ್ಪಷ್ಟವಾಗಿದ್ದರೂ ಗೊಂದಲ ಬಹಳ. ಕೊಂಡ ಡಿವಿಡಿಯನ್ನು ಕಂಪ್ಯೂಟರಿಗೆ ಇಳಿಸಿ, ಜಾಲಕ್ಕೆ ಏರಿಸಿ, ಡಬ್ಬಿಗೆ ಕೋಡ್ ಹಚ್ಚುವುದು ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಎನ್) ಕಲಮು ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ ಒಂದು ಅವಕಾಶ ಕೊಟ್ಟಿದೆ: ಡಿಜಿಟಲ್ ಅಲ್ಲದ ಪ್ರತಿ ತನ್ನಲ್ಲಿ ಈಗಾಗಲೇ ಇದ್ದರೆ, ಸಂರಕ್ಷಣೆಗಾಗಿ ಅದನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಬೂಷ್ಟು ಹಿಡಿಯುತ್ತಿರುವ ವಿಎಚ್‌ಎಸ್ ಕ್ಯಾಸೆಟ್ಟಿಗೆ ಇದು ಅನ್ವಯಿಸುತ್ತದೆ. ಡಿವಿಡಿ ಮೊದಲೇ ಡಿಜಿಟಲ್, ಅದಕ್ಕೆ ಅನ್ವಯಿಸುವುದಿಲ್ಲ. ಇಟ್ಟುಕೊಳ್ಳುವ ಅವಕಾಶ ಜಗತ್ತಿಗೆಲ್ಲ ತೋರಿಸುವ ಅವಕಾಶವೂ ಅಲ್ಲ.

ಕೊಂಡ ಚಲನಚಿತ್ರದ ಡಿವಿಡಿಗೆ ಕೋಡ್ ಬೇಕೆಂದರೆ ಅದು ಸೂಚಿಯ ಪುಟಕ್ಕೆ ಹೋಗಲಿ: ಕಥೆಯ ಸಾರ, ಅವಧಿ, ನಿರ್ಮಾಪಕರೇ ಹಾಕಿದ ಟ್ರೈಲರ್, ಎರವಲು ಸಿಗುತ್ತದೋ ಇಲ್ಲವೋ. ಯಾರೋ ಅನಾಮಿಕರು ಯೂಟ್ಯೂಬ್‌ಗೆ ಏರಿಸಿದ ಪೂರ್ಣ ಚಿತ್ರಕ್ಕೆ ಕೊಂಡಿ ಕೊಡಬಾರದು. ಹಕ್ಕುದಾರರು ದೂರು ಕೊಟ್ಟ ದಿನ ಅದು ಮಾಯವಾಗುತ್ತದೆ, ಗ್ರಂಥಾಲಯದ ಮಾನವೂ ಹೋಗುತ್ತದೆ. ಚಲನಚಿತ್ರದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1960ರಲ್ಲಿ ಬಿಡುಗಡೆಯಾದದ್ದು 2020ರ ಕೊನೆಗೆ ಮುಕ್ತವಾಯಿತು.

ನಿಜವಾದ ಬೆಳೆ ಇರುವುದು ಸ್ಥಳೀಯ ದಾಖಲೆಗಳಲ್ಲಿ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಬುರ್ರಕಥೆಯ ದರೋಜಿ ಈರಮ್ಮ ಬಳ್ಳಾರಿ ಸೀಮೆಯವರು. ಇಂಥ ಕಲೆಗಳ ಒಂದು ರಾತ್ರಿಯ ದಾಖಲೆ ಪುಸ್ತಕದ ಹತ್ತು ಅಧ್ಯಾಯಕ್ಕೆ ಸಮ, ಅದು ಬೀರುವಿನಲ್ಲಿ ಕೂತರೆ ಯಾರಿಗೂ ಇಲ್ಲ. ಆದರೆ ಕಲಾವಿದರ ಒಪ್ಪಿಗೆ ಬರಹದಲ್ಲಿ ಇರಲೇಬೇಕು. ಕಾಯ್ದೆಯ 38ನೇ ಕಲಮು ಪ್ರದರ್ಶಕರಿಗೆ 50 ವರ್ಷದ ಹಕ್ಕು ಕೊಟ್ಟಿದೆ. ಒಪ್ಪಿಗೆ ಪತ್ರದಲ್ಲಿ ಮೂರು ಪ್ರಶ್ನೆ ಬೇರೆ ಬೇರೆಯಾಗಿ ಕೇಳಬೇಕು: ಗ್ರಂಥಾಲಯದೊಳಗೆ ತೋರಿಸಬಹುದೇ, ಜಾಲದಲ್ಲಿ ಹಾಕಬಹುದೇ, ಇಳಿಸಿಕೊಳ್ಳಲು ಬಿಡಬಹುದೇ. ಓದು ಬಾರದವರಿಗೆ ಓದಿ ಹೇಳಿ, ಅವರು ಒಪ್ಪಿದ್ದನ್ನು ಅದೇ ಕ್ಯಾಮೆರಾದಲ್ಲಿ ದಾಖಲಿಸಿಟ್ಟುಕೊಳ್ಳಿ. ಉತ್ತರ 540ನೇ ಕ್ಷೇತ್ರಕ್ಕೆ ಹೋಗಲಿ.

ಉದ್ದದ ದಾಖಲೆಗೆ ಕೋಡ್ ಹಚ್ಚುವಾಗ ಇನ್ನೊಂದು ಉಪಯೋಗ ಸಿಗುತ್ತದೆ. ಕಿನ್ನಾಳದ ಗೊಂಬೆ ಮಾಡುವ 40 ನಿಮಿಷದ ವಿಡಿಯೊ ಇದೆ ಎಂದಿಟ್ಟುಕೊಳ್ಳೋಣ. ಮರದ ಪುಡಿ, ಹುಣಸೆಯ ಅಂಟು ಬೆರೆಸಿ ಕಿಟ್ಟ ಕಲಸುವ ಭಾಗ 12 ನಿಮಿಷ 34ನೇ ಸೆಕೆಂಡಿಗೆ ಬರುತ್ತದೆ. ಯೂಟ್ಯೂಬ್ ಕೊಂಡಿಯ ಕೊನೆಗೆ ಸಮಯವನ್ನು ಸೆಕೆಂಡುಗಳಲ್ಲಿ, ಅಂದರೆ 754 ಎಂದು ಸೇರಿಸಿದರೆ ವಿಡಿಯೊ ಅಲ್ಲಿಂದಲೇ ಶುರುವಾಗುತ್ತದೆ. ಕಪಾಟಿನಲ್ಲಿ ಕರಕುಶಲ ಕಲೆಯ ಪುಸ್ತಕದ ಆ ಅಧ್ಯಾಯಕ್ಕೆ ಒಂದು ಪುಟಗುರುತು ಪಟ್ಟಿ ಇಟ್ಟು, ಅದರ ಮೇಲೆ ಈ ಕ್ಷಣಕ್ಕೆ ಹೋಗುವ ಬೇರೆ ಸಂಖ್ಯೆಯ ಕೋಡ್ ಹಾಕಬಹುದು. ಓದುವ ಹುಡುಗಿ ಸಾಲು ಓದಿದ ಕೂಡಲೇ ಕೈಗಳು ಕಲಸುವುದನ್ನು ನೋಡುತ್ತಾಳೆ. ಹತ್ತಿ ಬೆಳೆಯ ಪುಸ್ತಕದಲ್ಲಿ ಗುಲಾಬಿ ಕಾಯಿಕೊರಕದ ಮೋಹಕ ಬಲೆ ಕಟ್ಟುವ ಕ್ರಮಕ್ಕೂ ಹೀಗೇ.

ಸಿಗ್ನಲ್ ಇಲ್ಲದ ಊರಿಗೆ

ಮೊಬೈಲ್ ಡೇಟಾ ತಡವರಿಸುವ ಕಡೆ ಗ್ರಂಥಾಲಯದೊಳಗೇ ವಿಡಿಯೊ ಇಡುವ ದಾರಿ ಇದೆ. ಒಂದು ಹಳೆಯ ಡೆಸ್ಕ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, 1 ಟಿಬಿ ಡಿಸ್ಕ್, ಒಂದು ರೌಟರ್, ಚಿಕ್ಕ ಯುಪಿಎಸ್. 480ಪಿ ವಿಡಿಯೊವನ್ನು ಎಚ್.264 ಎಂಬ ಕುಗ್ಗಿಸುವ ವಿಧಾನದಲ್ಲಿ ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಇಟ್ಟರೆ ಗಂಟೆಗೆ 450 ಎಂಬಿ. ಆ ಡಿಸ್ಕ್‌ನಲ್ಲಿ ಎರಡು ಸಾವಿರ ಗಂಟೆಗೂ ಹೆಚ್ಚು ಹಿಡಿಯುತ್ತದೆ, ಇಪ್ಪತ್ತು ಜನ ಒಟ್ಟಿಗೆ ನೋಡಿದರೂ 20 ಮೆಗಾಬಿಟ್ ಮಾತ್ರ. ಎಂಪಿ4 ಮಾಡುವಾಗ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪರಿವರ್ತಿಸುವ ತಂತ್ರಾಂಶದಲ್ಲಿ ‘ಫಾಸ್ಟ್‌ಸ್ಟಾರ್ಟ್’ ಆಯ್ಕೆ ಕೊಡಲು ಮರೆಯಬಾರದು. ಅದಿಲ್ಲದಿದ್ದರೆ ಕಡತದ ಸೂಚಿ ಕೊನೆಯಲ್ಲಿ ಕೂರುತ್ತದೆ, ಎಷ್ಟೋ ಫೋನ್‌ಗಳು ಪೂರ್ತಿ ಇಳಿಯುವವರೆಗೆ ಕಪ್ಪು ಪರದೆ ತೋರಿಸುತ್ತವೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಸರ್ವರ್‌ಗೆ 192.168.1.10ರಂಥ ಸ್ಥಿರ ಸಂಖ್ಯೆ ರೌಟರಿನಲ್ಲಿ ಕಾಯ್ದಿರಿಸದೇ ಇರುವುದು. ಕರೆಂಟ್ ಹೋಗಿ ಬಂದಾಗ ರೌಟರ್ ಬೇರೆ ಸಂಖ್ಯೆ ಹಂಚುತ್ತದೆ, ಅಚ್ಚಾದ ಕೋಡ್‌ಗಳೆಲ್ಲ ದಿಕ್ಕು ತಪ್ಪುತ್ತವೆ. ಎರಡು, ‘ಈ ವೈಫೈನಲ್ಲಿ ಇಂಟರ್‌ನೆಟ್ ಇಲ್ಲ’ ಎಂದು ತಿಳಿದ ಆಂಡ್ರಾಯ್ಡ್ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರುತ್ತದೆ, ಒಳಗಿನ ಸರ್ವರ್ ಸಿಗುವುದಿಲ್ಲ. ಪರದೆಯಲ್ಲಿ ಕೇಳುವಾಗ ಈ ವೈಫೈನಲ್ಲೇ ಉಳಿ ಎಂದು ಒತ್ತಬೇಕು. ಇದನ್ನು ಗೋಡೆಯ ಮೇಲೆ ಬರೆದಿರಬೇಕು.

ಡಬ್ಬಿಯ ಕೋಡ್ ಹೊರಗಿನ ಜಾಲದ ವಿಳಾಸಕ್ಕೆ ಹೋಗುತ್ತದೆ, ಒಳಗಿನ ಸರ್ವರ್‌ಗೆ ಬೇರೆ ಕೋಡ್ ಹಚ್ಚಿದರೆ ಒಂದೇ ಡಬ್ಬಿಗೆ ಎರಡು ಚೌಕ, ಓದುಗನಿಗೆ ತಲೆನೋವು. ಬದಲಿಗೆ ಗೋಡೆಗೆ ಎರಡೇ ದೊಡ್ಡ ಕೋಡ್ ಹಾಕಿ: ಮೊದಲನೆಯದು ವೈಫೈಗೆ ಸೇರಿಸುತ್ತದೆ, ಎರಡನೆಯದು ಒಳಗಿನ ಪುಟ ತೆರೆಯುತ್ತದೆ. ಆ ಪುಟದಲ್ಲಿ ಒಂದೇ ಒಂದು ಖಾಲಿ ಚೌಕ. ಡಬ್ಬಿಯ ಮೇಲಿನ ನಾಲ್ಕಂಕಿ ಒತ್ತಿದರೆ ವಿಡಿಯೊ ಓಡುತ್ತದೆ.

ತಿಂಗಳಿಗೊಮ್ಮೆ ಕೊಂಡಿ ಪರೀಕ್ಷೆ ಬೇಕು. ಕೊಹಾದಲ್ಲಿ 856ರ ಕೊಂಡಿಗಳನ್ನೆಲ್ಲ ತಟ್ಟಿ ನೋಡುವ ಉಪಕರಣ ಇದೆ, ಆದರೆ ಅದನ್ನು ಪೂರ್ತಿ ನಂಬಬೇಡಿ: ತೆಗೆದುಹಾಕಿದ ವಿಡಿಯೊಗೂ ಯೂಟ್ಯೂಬ್ ಒಂದು ಪುಟ ತೋರಿಸುತ್ತದೆ, ಪುಟ ಸಿಕ್ಕಿತಲ್ಲ ಎಂದು ಉಪಕರಣ ಸರಿ ಎನ್ನುತ್ತದೆ. ತಂತ್ರಾಂಶಗಳು ವಿಡಿಯೊದ ವಿವರ ಕೇಳಲೆಂದೇ ಇರುವ ಯೂಟ್ಯೂಬ್‌ನ ‘ಓಎಂಬೆಡ್’ ವಿಳಾಸವನ್ನು ಕೇಳಿದರೆ ಇಲ್ಲದ ವಿಡಿಯೊಗೆ ದೋಷಸಂಖ್ಯೆ ಬರುತ್ತದೆ. ಅಷ್ಟು ಮಾಡಲಾಗದಿದ್ದರೆ ದಿನಕ್ಕೆ ಹತ್ತರಂತೆ ಕಣ್ಣಾರೆ ನೋಡಿದರೂ ಮುನ್ನೂರು ವಿಡಿಯೊ ಒಂದು ತಿಂಗಳಲ್ಲಿ ಮುಗಿಯುತ್ತವೆ.

ವಿಡಿಯೊ ಹಿಂಪಡೆದಾಗಲೂ ಅದರ ಸಂಖ್ಯೆಯನ್ನು ಬೇರೊಂದಕ್ಕೆ ಕೊಡಬಾರದು. 0417 ರದ್ದಾದರೂ ಆ ಸ್ಟಿಕ್ಕರ್ ಯಾರದೋ ನೋಟ್‌ಬುಕ್ಕಿನ ಫೋಟೊದಲ್ಲಿ, ಶಿಕ್ಷಕರ ಪಾಠಯೋಜನೆಯಲ್ಲಿ ಉಳಿದಿರುತ್ತದೆ. ಆ ಪುಟದಲ್ಲಿ ವಿಡಿಯೊದ ಹೆಸರು, ಯಾವಾಗ ಮತ್ತು ಯಾಕೆ ತೆಗೆಯಲಾಯಿತು, ಅದೇ ವಿಷಯದ ಬೇರೆ ವಿಡಿಯೊ ಅಥವಾ ಪುಸ್ತಕ ಯಾವ ಕಪಾಟಿನಲ್ಲಿದೆ ಎಂಬ ಮೂರು ಸಾಲು ಇರಲಿ.